ಕುರುಚಲು ಕಾಡಿನಲ್ಲಿ ಮಾಕಳಿ ಬೆಳೆಯಲಿ

ಮಾನ್ಯರೇ,

ಬಯಲುಸೀಮೆಯ ಕುರುಚಲು ಕಾಡನ್ನು ಪಾಳು ಭೂಮಿಯೆಂದೇ ಬಗೆದು, ಮುಂಗಾರಿಗೆ ಮೊದಲು ಜೆಸಿಬಿಯಿಂದ ಗುಂಡಿ ತೋಡಿಸಿ, ಆ ನೆಲಕ್ಕೆ ಸಂಬಂಧವೇ ಇಲ್ಲದ ಮರಗಳನ್ನು ನೆಡುವ ಪರಿಪಾಠ ಇನ್ನೂ ನಿಂತಿಲ್ಲ. ನೀಲಗಿರಿಯ ಹೊಸ ನಾಟಿಯನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿತ್ತು. ಅದರ ಬದಲು ಏನನ್ನು ಬೆಳೆಸಬೇಕೆಂಬ ಚರ್ಚೆಯಲ್ಲಿ ಮಾಕಳಿಯ ಹೆಸರು ಕೇಳಿಬರುವುದೇ ಅಪರೂಪ.

ಉಪ್ಪಿನಕಾಯಿ ಜಾಡಿಯಿಂದ ನಮಗೆಲ್ಲ ಪರಿಚಿತವಾದ ಈ ಬೇರಿನ ಗಿಡ ದಕ್ಷಿಣ ಭಾರತದ ಒಣ ಬೆಟ್ಟಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಬಂಡೆಯ ಸಂದಿನಲ್ಲಿ ಬೇರೂರಿ, ಪಕ್ಕದ ಕಾರೆ, ಬಂದರಿಕೆ ಗಿಡಗಳನ್ನು ಆಸರೆ ಮಾಡಿಕೊಂಡು ಹಬ್ಬುವ ಈ ಪೊದೆಬಳ್ಳಿ, ನೆಲದಡಿಯ ಗೊಂಚಲು ಗಡ್ಡೆಗಳಲ್ಲಿ ನೀರನ್ನು ಕೂಡಿಟ್ಟುಕೊಂಡು ಬೇಸಿಗೆಯನ್ನು ದಾಟುತ್ತದೆ. ಗಡ್ಡೆಯ ನಡುವಿನ ಮರದಂಥ ದಿಂಡನ್ನು ತೆಗೆದು ತಿರುಳನ್ನಷ್ಟೇ ಬಳಸುತ್ತಾರೆ. ಅದರ ಗಾಢ ಪರಿಮಳಕ್ಕೆ ಕಾರಣವಾದ ರಾಸಾಯನಿಕವು ವೆನಿಲ್ಲಾದಲ್ಲಿರುವ ವೆನಿಲಿನ್‌ನ ಸಮಾಂಗಿ, ಅಂದರೆ ಎರಡರಲ್ಲೂ ಇರುವ ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ.

ಗಡ್ಡೆಯ ಆಸೆಗೆ ಗಿಡವನ್ನೇ ಬುಡಸಮೇತ ಅಗೆಯುವುದರಿಂದ ಕಾಡಿನಲ್ಲಿ ಮಾಕಳಿ ಕ್ಷೀಣಿಸಿದೆ. ಬೆಳೆಸುವುದು ಅಸಾಧ್ಯವೇನಲ್ಲ, ಆದರೆ ತಾಳ್ಮೆ ಬೇಕು. ಜೋಡಿ ಕಾಯಿಗಳು ಒಣಗಿ ಬಿರಿದಾಗ ರೇಷ್ಮೆಯಂಥ ಎಳೆಗಳಿರುವ ಬೀಜ ಗಾಳಿಗೆ ತೇಲಿಹೋಗುತ್ತದೆ; ಆದ್ದರಿಂದ ಬಿರಿಯುವ ಮುನ್ನವೇ ಕಾಯಿ ಕೊಯ್ದು, ಬೀಜ ಹಳತಾಗಲು ಬಿಡದೆ ಬಿತ್ತಬೇಕು. ನೀರು ನಿಲ್ಲುವ ಜಾಗದಲ್ಲಿ ಗಡ್ಡೆ ಕೊಳೆಯುವುದರಿಂದ ಜಲ್ಲಿಮಿಶ್ರಿತ ಇಳಿಜಾರು ನೆಲವೇ ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಇರುವ ಕುರುಚಲನ್ನು ಸವರಿ ‘ಸ್ವಚ್ಛ’ಗೊಳಿಸಿದ ಮೇಲೆ ಮಾಕಳಿ ನೆಟ್ಟು ಫಲವಿಲ್ಲ, ಹಬ್ಬಲು ಆಸರೆಯಾಗಲಿ, ಎಳೆಯ ಸಸಿಗೆ ನೆರಳಾಗಲಿ ಆಗ ಉಳಿದಿರುವುದಿಲ್ಲ. (ಸಾಲು ನೇರವಾಗಿದ್ದರೆ ಮಾತ್ರ ನೆಡುತೋಪು ಎನ್ನುವವರಿಗೆ ಇದು ರುಚಿಸಲಾರದು.)

ಅಂಗಾಂಶ ಕೃಷಿಯಿಂದ (ಗಿಡದ ಚೂರನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನದಿಂದ) ಮಾಕಳಿ ಸಸಿಗಳನ್ನು ಬೆಳೆಸುವ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಸಂಶೋಧನೆ ನಡೆಸಿದ್ದಾರೆ. ಆ ಜ್ಞಾನವನ್ನು ಬಳಸಿಕೊಂಡು ಅರಣ್ಯ ಇಲಾಖೆಯು ಬಯಲುಸೀಮೆಯ ನರ್ಸರಿಗಳಲ್ಲಿ ಮಾಕಳಿ ಸಸಿ ಬೆಳೆಸಿ, ಕುರುಚಲು ಕಾಡಿಗೂ ರೈತರ ಬದುಗಳಿಗೂ ಒದಗಿಸಬೇಕು. ಜೊತೆಗೆ, ಹೊಲದಲ್ಲಿ ಬೆಳೆದ ಬೇರಿಗೆ, ಅದು ಕಾಡಿನಿಂದ ತಂದದ್ದಲ್ಲ ಎಂಬ ದೃಢೀಕರಣ ಪತ್ರ ಗ್ರಾಮ ಪಂಚಾಯಿತಿಯಿಂದಲೇ ಸಿಗುವಂತಾಗಬೇಕು. ಇಲ್ಲದಿದ್ದರೆ ಕಾಡಿನಿಂದ ಅಗೆದು ತಂದ ಅಗ್ಗದ ಬೇರಿನೆದುರು ಹಲವು ವರ್ಷ ಕಾದು ಬೆಳೆದ ರೈತನಿಗೆ ಮಾರುಕಟ್ಟೆಯಲ್ಲಿ ನೆಲೆ ಸಿಗದು.

ಇಂತಿ,
ಒಬ್ಬ ಓದುಗ