‘ಗ್ಯಾಸ್ ಆಫ್ ಆಗಿದೆ’ ಎಂದು ಹೇಳದೇ ಇದ್ದವರಿಗೆ

ಈ ಸೋಮವಾರ ಮನೆಗೆ ಬೀಗ ಹಾಕಿ, ಒಂದೇ ಸಲ ಎಳೆದು ನೋಡಿ, ಸ್ಕೂಲಿಗೆ ಹೊರಟೆ. ಬಸ್ ಸ್ಟಾಪಿನಿಂದ ವಾಪಸ್ ಓಡಿ ಬರಲಿಲ್ಲ. ಚಿಕಿತ್ಸೆ ಶುರುವಾಗಿ ಅವತ್ತಿಗೆ ಒಂದು ವರ್ಷ. ಬಸ್ಸಲ್ಲಿ ಕೂತಾಗಲೇ ಇದನ್ನು ಬರೆಯಬೇಕು ಅನ್ನಿಸಿತು.

ನನಗಿರುವುದು ಒಸಿಡಿ. ಕನ್ನಡದಲ್ಲಿ ಗೀಳು ರೋಗ ಅಂತಾರೆ. ಅದು ಪದೇ ಪದೇ ಕೈ ತೊಳೆಯುವ ಕಾಯಿಲೆ ಅಂತಷ್ಟೇ ನಾನೂ ತಿಳಿದಿದ್ದೆ. ನನ್ನನ್ನು ಹಿಡಿದಿದ್ದು ಅನುಮಾನ. ಒಲೆ ಆರಿರುವುದು ಕಣ್ಣಿಗೆ ಕಾಣುತ್ತಿತ್ತು, ಆದರೂ ಮನಸ್ಸಿಗೆ ಸಾಲುತ್ತಿರಲಿಲ್ಲ. ಗ್ಯಾಸ್ ಸೋರಿ ಪಕ್ಕದ ಮನೆಯ ಮಗುವಿಗೆ ಏನೋ ಆಗಿಹೋದ ಹಾಗೆ ಕಣ್ಮುಂದೆ ಬರುತ್ತಿತ್ತು. ನಾಲ್ಕು ಸಲ ನೋಡಿದರೆ ಐದು ನಿಮಿಷ ನೆಮ್ಮದಿ. ಆಮೇಲೆ ಎಂಟು ಸಲ ನೋಡಬೇಕು. ಸ್ಕೂಲಲ್ಲೂ ಇದೇ ಕಥೆ. ಒಂದು ಉತ್ತರ ಪತ್ರಿಕೆಯ ಅಂಕ ಹನ್ನೆರಡು ಸಲ ಕೂಡಿಸುತ್ತಿದ್ದೆ. ರಾತ್ರಿ ಎರಡು ಗಂಟೆಯಾದರೂ ಒಂದು ಕಟ್ಟು ಮುಗಿಯುತ್ತಿರಲಿಲ್ಲ. ನಮ್ಮತ್ತೆ ‘ಎಷ್ಟು ಅಚ್ಚುಕಟ್ಟು ನೋಡಿ ನಮ್ಮ ಸೊಸೆ’ ಅಂತ ಹೊಗಳುವಾಗ ಅಳು ಬರುತ್ತಿತ್ತು.

ಮೊದಲು ತೋರಿಸಿದ ಕಡೆ ‘ಟೆನ್ಷನ್, ರೆಸ್ಟ್ ಮಾಡಿ’ ಅಂದರು. ಎರಡು ವರ್ಷ ಹಾಗೇ ಹೋಯಿತು. ಕೊನೆಗೆ ನಮ್ಮ ಸ್ಟಾಫ್ ರೂಮಿನ ಗೆಳತಿಯೊಬ್ಬರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಒತ್ತಿ ಫೋನ್ ನನ್ನ ಕೈಗಿಟ್ಟರು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯವರು ತಾಳ್ಮೆಯಿಂದ ಕೇಳಿಸಿಕೊಂಡು, ಮನೋವೈದ್ಯರನ್ನು ನೋಡಿ ಅಂದರು. ಮೇಡಂ, ಅವತ್ತು ನೀವು ಪಕ್ಕದಲ್ಲಿ ಕೂರದಿದ್ದರೆ ನಾನು ಫೋನ್ ಕಟ್ ಮಾಡಿಬಿಡುತ್ತಿದ್ದೆ.

ಡಾಕ್ಟರು ಸರ್ಟ್ರಾಲಿನ್ ಅನ್ನುವ ಮಾತ್ರೆ ಕೊಟ್ಟರು. ಒಸಿಡಿಗೆ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕಾಗುತ್ತದೆ, ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು ಅಂತ ಮೊದಲೇ ಹೇಳಿದ್ದರಿಂದ ಮಧ್ಯೆ ಬಿಡಲಿಲ್ಲ. ಜೊತೆಗೆ ಇಆರ್‌ಪಿ ಅನ್ನುವ ಥೆರಪಿ. ಭಯ ಹುಟ್ಟಿಸುವ ಕೆಲಸವನ್ನೇ ಮಾಡಬೇಕು, ಆಮೇಲೆ ಚೆಕ್ ಮಾಡದೆ ಇರಬೇಕು. ಒಲೆ ಆರಿಸಿ, ಒಂದೇ ಸಲ ನೋಡಿ, ಹೊರಗೆ ಬಂದು ಪಾರ್ಕಿನಲ್ಲಿ ಕೂತ ಮೊದಲ ದಿನ ನನ್ನ ಆತಂಕ ನೂರಕ್ಕೆ ತೊಂಬತ್ತು. ಸೀರೆಯ ಸೆರಗು ಬೆವರಿಗೆ ಒದ್ದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಅದು ತಾನಾಗೇ ಐವತ್ತಕ್ಕೆ ಇಳಿಯಿತು. ನಾನೇನೂ ಮಾಡಿರಲಿಲ್ಲ, ಸುಮ್ನೆ ಕೂತಿದ್ದೆ ಅಷ್ಟೇ. ನನಗೆ ಅದೇ ದೊಡ್ಡ ಆಶ್ಚರ್ಯ.

ಇನ್ನು ನಮ್ಮ ಮನೆಯವರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ‘ರೀ, ಗ್ಯಾಸ್ ಆಫ್ ಆಗಿದೆ ಅಲ್ವಾ?’ ಅಂತ ದಿನಕ್ಕೆ ಮೂವತ್ತು ಸಲ ಕೇಳುತ್ತಿದ್ದೆ. ‘ಆಗಿದೆ ಕಣೇ’ ಅಂತ ಮೂವತ್ತು ಸಲವೂ ಹೇಳುತ್ತಿದ್ದರು. ಆ ಉತ್ತರವೂ ಚೆಕ್ ಮಾಡಿದ ಹಾಗೇ, ಕಾಯಿಲೆಗೆ ಊಟ ಹಾಕಿದಂತೆ ಅಂತ ಥೆರಪಿಸ್ಟ್ ಬಿಡಿಸಿ ಹೇಳಿದರು. ನನ್ನನ್ನೂ ಕೂರಿಸಿಕೊಂಡು, ನಾನು ಒಪ್ಪಿದ ಮೇಲೆಯೇ ಉತ್ತರ ಕಡಿಮೆ ಮಾಡುತ್ತಾ ಬಂದೆವು. ಮೊದಲು ಹತ್ತು, ಆಮೇಲೆ ಮೂರು, ಆಮೇಲೆ ಒಂದೂ ಇಲ್ಲ. ಏಕಾಏಕಿ ಗದರಿಸಿ ನಿಲ್ಲಿಸಿದ್ದರೆ ನಾನು ಕುಸಿದುಬಿಡುತ್ತಿದ್ದೆ. ‘ಕಷ್ಟ ಆಗ್ತಿದೆ ಅಂತ ಗೊತ್ತು. ಉತ್ತರ ಹೇಳಲ್ಲ, ಜೊತೆಗಿರ್ತೀನಿ’ ಅನ್ನುತ್ತಿದ್ದರು. ಒಂದು ರಾತ್ರಿ ನಾನು ಅತ್ತು ಜಗಳವಾಡಿ ಬಾಯಿಗೆ ಬಂದಂತೆ ಬೈದೆ. ಆಗಲೂ ಹೇಳಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ ರೀ.

ಕಾಯಿಲೆ ಪೂರ್ತಿ ಹೋಗಿಲ್ಲ. ಕೆಟ್ಟ ಯೋಚನೆ ಈಗಲೂ ಬರುತ್ತದೆ, ಮಾತ್ರೆಯೂ ನಡೆಯುತ್ತಿದೆ. ಆದರೆ ಈ ಸಲ ಅಂಕಪಟ್ಟಿಯನ್ನು ಹೇಳಿದ ದಿನಕ್ಕೇ ಕೊಟ್ಟೆ.

ಬಸ್ಸಲ್ಲಿದ್ದಾಗ ನೋಡಿ ಸಮಾಧಾನ ಮಾಡಿಕೋ ಅಂತ ಮಗಳು ಒಲೆಯ ಫೋಟೋ ಕಳಿಸುತ್ತಿದ್ದಳು. ಅದನ್ನೂ ನಿಲ್ಲಿಸಿ ತಿಂಗಳುಗಳಾದವು. ನಿನ್ನೆ ಸಂಜೆ ಇಬ್ಬರೂ ಕೂತು ನನ್ನ ಮೊಬೈಲಿನಿಂದ ಅವನ್ನೆಲ್ಲ ಡಿಲೀಟ್ ಮಾಡಿದೆವು. ಇನ್ನೂರ ಹದಿನಾರು ಇದ್ದವು, ಪುಟ್ಟಿ.