ಎರಡು ದೇಶಗಳ ಭಯ

ಮಾನ್ಯ ಸಂಪಾದಕರೆ,

ಕೋವಿಡ್ ಕಾಲದಲ್ಲಿ ವಯಸ್ಸಾದವರೆಲ್ಲ ಒಂದೇ ರೀತಿ ಹೆದರಿದರು ಎಂಬ ಮಾತು ಈಗಲೂ ಕೇಳಿಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ತಾವಿರುವ ದೇಶದಲ್ಲೇ ಹುಟ್ಟಿ ಬೆಳೆದ ಹಿರಿಯರು ಸಂಜೆ ಒಂದು ದೇಶದ ಸೋಂಕಿನ ಅಂಕಿ ನೋಡಿ ಟಿ.ವಿ. ಆರಿಸುತ್ತಿದ್ದರು. ವಲಸೆ ಬಂದು ಮುಪ್ಪಾದವರು ಎರಡು ದೇಶಗಳ ಲೆಕ್ಕ ಹಿಡಿದು ಕೂರುತ್ತಿದ್ದರು. 2020ರ ಮಾರ್ಚ್‌ನಲ್ಲಿ ಗಡಿಗಳು ಮುಚ್ಚಿದ ಮೇಲೆ, ಒಡಹುಟ್ಟಿದವರ ಅಂತ್ಯಕ್ರಿಯೆಯನ್ನು ಅಂಗೈಯಗಲದ ಮೊಬೈಲ್ ಪರದೆಯಲ್ಲಿ ನೋಡಿದವರು ಎಷ್ಟೋ ಮಂದಿ. ಚಿತ್ರ ನಡುವೆಯೇ ನಿಂತುಹೋದರೂ ಫೋನ್ ಕೆಳಗಿಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಭಾಷೆಯದು ಇನ್ನೊಂದು ಪಾಡು. ಸಹಾಯವಾಣಿಯ ಯಂತ್ರದ ದನಿ ‘ಒಂದು ಒತ್ತಿ, ಎರಡು ಒತ್ತಿ’ ಎಂದಾಗ ಮೊಮ್ಮಗ ಮನೆಗೆ ಬರುವವರೆಗೂ ಕಾಯಬೇಕು. ಅಷ್ಟರಲ್ಲಿ ವಾಟ್ಸ್‌ಆ್ಯಪ್ ವದಂತಿ ಹತ್ತು ಸುತ್ತು ಹೊಡೆದಿರುತ್ತದೆ.

ವಲಸೆ ಬಂದ ಹಿರಿಯರ ಈ ಭಯವನ್ನು ಬರೀ ಅಂಜುಬುರುಕತನ ಎನ್ನಲಾಗದು. ಸ್ವೀಡನ್ನಿನಲ್ಲಿ ಮೊದಲ ಅಲೆಯ ಹೊತ್ತಿಗೆ ಸೊಮಾಲಿಯಾ, ಇರಾಕ್, ಸಿರಿಯಾಗಳಿಂದ ಬಂದವರಲ್ಲಿ ಸಾವಿನ ಪ್ರಮಾಣ ಸ್ಥಳೀಯರಿಗಿಂತ ಹೆಚ್ಚಿತ್ತು. ಮಕ್ಕಳು ಬಸ್ಸು, ಟ್ಯಾಕ್ಸಿ ಓಡಿಸಿ ಬರುವ, ಮೂರು ತಲೆಮಾರು ಒಟ್ಟಿಗಿರುವ ಇಕ್ಕಟ್ಟಿನ ಮನೆಯಲ್ಲಿ ಅಜ್ಜಿ ಯಾವ ಕೋಣೆಗೆ ಸರಿಯಬೇಕು? ಯುದ್ಧ, ಬರ ದಾಟಿ ಬಂದ ಕೆಲವರು ‘ಇದೇನು ಮಹಾ’ ಎಂದು ನಿರಾಳವಾಗಿದ್ದರು ಎಂಬುದೂ ಸುಳ್ಳಲ್ಲ.

ಮುಂದೆ ಹಿರಿಯರ ಆತಂಕವನ್ನು ಅಳೆಯುವವರು ವಯಸ್ಸಿನ ಜೊತೆಗೆ ಹುಟ್ಟಿದ ದೇಶವನ್ನೂ ಕೇಳಲಿ, ಅದೂ ಅವರಿಗೆ ತಿಳಿಯುವ ಭಾಷೆಯಲ್ಲಿ.

– ಒಬ್ಬ ಓದುಗ