ಅರ್ಧ ಡಬ್ಬ ಅಡಿಕೆ

ಎಲ್ಲರಿಗೂ ನಮಸ್ಕಾರ.

ನನ್ನ ಕೀಲಿನ ಕಾಯಿಲೆ ಗೊತ್ತಾಗಿ ನವೆಂಬರಿಗೆ ಒಂದು ವರ್ಷ ತುಂಬಿತು. ಆಗಲೇ ಬರೆಯಬೇಕಿತ್ತು. ಅಡಿಕೆ ಸುಗ್ಗಿ ಮುಗಿಯಲಿ ಅಂತ ಕಾದೆ. ಯಾಕೆ ಅಂತ ಕೊನೆಯಲ್ಲಿ ಹೇಳ್ತೇನೆ.

ಯಾವ ಟೆಸ್ಟು, ಯಾವ ಡಾಕ್ಟರು, ಎಲ್ಲಿ ಊದಿತ್ತು ಅನ್ನುವುದೆಲ್ಲ ನಿಮಗೆ ಗೊತ್ತು. ಫೋನಿನಲ್ಲಿ ಹೇಳಿ ಹೇಳಿ ನನಗೇ ಬಾಯಿಪಾಠ ಆಗಿದೆ. ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಆ ಕಾಯಿಲೆಯ ಹೆಸರನ್ನು ತಡವರಿಸದೆ ಹೇಳಲು ಕಲಿತೆ, ಅಷ್ಟು ಸಾಕು. ಇದು ಥ್ಯಾಂಕ್ಸ್ ಹೇಳುವುದಕ್ಕೆ ಬರೆದದ್ದು. ಅರ್ಧ ಬೆರಳಲ್ಲಿ, ಅರ್ಧ ಫೋನಿಗೆ ಮಾತಾಡಿ ಬರೆಸಿದ್ದು. ‘ಕೀಲು’ ಅಂದರೆ ಅದು ‘ಕೇಳು’ ಅಂತ ಬರೆಯುತ್ತದೆ. ಎಲ್ಲಾದರೂ ತಪ್ಪು ಉಳಿದಿದ್ದರೆ ಸುಮ್ನೆ ಓದಿಕೊಳ್ಳಿ.

ಮೊದಲು ಶಾಲೆಯವರು. ಆಗ ಬೆಳಿಗ್ಗೆ ಎದ್ದ ಮೇಲೆ 2 ಗಂಟೆ ಹೊತ್ತು ನನ್ನ ಕೈ ಮರದ ಕೊರಡು. ಅದಕ್ಕೆ ನನ್ನ ಮೊದಲ ಪಿರಿಯಡ್ ತಾವು ತೆಗೆದುಕೊಂಡ ಗಣಿತದ ಮೇಷ್ಟ್ರಿಗೆ, ಮಹಡಿಯ ಕ್ಲಾಸನ್ನು ಕೆಳಗೆ ತಂದ ಹೆಡ್ಮಾಸ್ತರಿಗೆ, ನಾನು ಹೇಳಿದ್ದನ್ನು ಬೋರ್ಡಿನ ಮೇಲೆ ನನಗಿಂತ ಚೆನ್ನಾಗಿ ಬರೆದ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ, ಬೆಂಗಳೂರಿನಲ್ಲಿ ಪ್ರತಿ ಸಲ ಮನೆ ಬಾಗಿಲು ತೆರೆದ ಚಿಕ್ಕಮ್ಮನಿಗೆ, ಭಾನುವಾರದ ತಿಂಡಿ ಇವತ್ತಿಗೂ ತಾವೇ ಮಾಡುವ ನಮ್ಮನೆಯವರಿಗೆ (ಉಪ್ಪಿಟ್ಟು, ಯಾವಾಗಲೂ ಉಪ್ಪಿಟ್ಟು) ನನ್ನ ನಮಸ್ಕಾರ. ಬದನೆಕಾಯಿ ನಂಜು, ಮೊಸರು ತಣ್ಣಗೆ, ಇದು ಹಿಂದಿನ ಜನ್ಮದ್ದು ಅಂತ ಹೇಳಿಕೊಟ್ಟವರಿಗೂ ನಮಸ್ಕಾರ. ನಿಮ್ಮದೂ ಪ್ರೀತಿಯೇ ಅಂತ ಈಗ ಗೊತ್ತಾಗುತ್ತದೆ. ಆಗ ಹಲ್ಲು ಕಚ್ಚಿಕೊಂಡಿದ್ದೆ.

ಇನ್ನು ಅಕ್ಕ. ಅಂದರೆ ನನ್ನ ವಾರಗಿತ್ತಿ.

ನಮ್ಮ ಮನೆ ಗೊತ್ತಿರುವವರಿಗೆ ಇದು ಸ್ವಲ್ಪ ಆಶ್ಚರ್ಯ ಅನ್ನಿಸಬಹುದು. ಒಂದೇ ಅಂಗಳ, ಎರಡು ಅಡುಗೆಮನೆ. ನಡುವಿನ ಗೋಡೆ ಎದ್ದ ಮೇಲೆ 3 ವರ್ಷ ನಾವಿಬ್ಬರೂ ಹಾಲು, ಮಜ್ಜಿಗೆಯ ಲೆಕ್ಕ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಅವರಿಗೆ ನಾನು ‘ನೀವು’ ಅನ್ನುತ್ತಿದ್ದೆ. ಗೌರವಕ್ಕಲ್ಲ, ದೂರಕ್ಕೆ.

ಬೆಂಗಳೂರಿಗೆ ಡಾಕ್ಟರ ಹತ್ತಿರ ಹೋಗುವ ದಿನ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವವನಿದ್ದ. ಅವನು ಒಪ್ಪಿದ ದಿನ ಮನೆಯಲ್ಲಿ ಗಂಡಸರು ಇಲ್ಲದಿದ್ದರೆ ಆಯಿತು, ಆ ಕೊಯ್ಲು ಕೈಬಿಟ್ಟ ಹಾಗೆ. ‘ನಾನು ಹೋಗ್ತೇನೆ’ ಅಂತ ಅಕ್ಕ ಬಟ್ಟೆಚೀಲ ಹಿಡಿದು ಹೊರಟು ನಿಂತರು. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ರಾತ್ರಿ ರೈಲು ಹತ್ತಿ, ಬೆಂಗಳೂರಿನವರೆಗೂ ನಾವು ಆಡಿದ್ದು ಹತ್ತು ಮಾತು ಇರಬಹುದು.

ಡಾಕ್ಟರು ಒಳ್ಳೆಯವರು. ಚೀಟಿಯ ಹಿಂದೆ ಕೀಲಿನ ಚಿತ್ರ ಬರೆದು ತೋರಿಸಿದರು. ರೋಗ ಬಾರದ ಹಾಗೆ ಮೈ ಕಾಯಬೇಕಾದ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬಿದ್ದಿದೆ, ಅದಕ್ಕೆ ಈ ಊತ ಅಂದರು. ‘ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ’ ಅಂದರು ಅಕ್ಕ. ಡಾಕ್ಟರು ನಕ್ಕು, ‘ಇನ್ನು ಮುಂದೆ ನಾನೂ ಹೀಗೇ ಹೇಳ್ತೇನೆ’ ಅಂದರು. ನನಗೆ ಮಾತ್ರ ನಗು ಬರಲಿಲ್ಲ. 39 ವರ್ಷಕ್ಕೆ ಮುದುಕರ ಕಾಯಿಲೆ ಬಂತಲ್ಲ, ನಾನೇನು ತಪ್ಪು ಮಾಡಿದೆ, ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಕ್ಕಾ ಅಂತ ಕೇಳಿದೆ. ನಿಮ್ಮ ತಪ್ಪಿನಿಂದ ಬಂದದ್ದಲ್ಲ, ಇದು ಮುದುಕರದ್ದೇ ಕಾಯಿಲೆಯೂ ಅಲ್ಲ, ನಿಮ್ಮ ವಯಸ್ಸಿನ ಹೆಂಗಸರಲ್ಲಿ ನಾನು ದಿನಾ ನೋಡ್ತೇನೆ ಅಂದರು. ಆ ಮಾತು ತಲೆಗೆ ಹೋಯಿತು. ಮನಸ್ಸಿಗೆ ಇಳಿಯಲು ತಿಂಗಳುಗಳೇ ಬೇಕಾದವು.

ಆಮೇಲೆ ಊರಿನ ಕಡೆ ಒಂದು ಔಷಧಿ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಂಡೆವು. ಕವರಿನ ಮೇಲೆ ‘ದಿನಕ್ಕೆ 1’ ಅಂತ ಬರೆದುಕೊಟ್ಟರು. ಅಕ್ಕ ಓದಿದ್ದು ಏಳನೇ ಕ್ಲಾಸು. ‘ಡಾಕ್ಟರು ವಾರಕ್ಕೊಂದೇ ದಿನ ಅಂತ ಮೂರು ಸಲ ಹೇಳಿದ್ರಲ್ಲ’ ಅಂತ ಅಲ್ಲೇ ನಿಂತು ಜಗಳ ಆಡಿದರು. ನಾನು ಟೀಚರು, ಕವರಿನ ಮೇಲೆ ಬರೆದದ್ದನ್ನು ನಂಬಿ ನಿಂತಿದ್ದೆ! ಮೆಥೊಟ್ರೆಕ್ಸೇಟ್ ಅನ್ನುವ ಆ ಹಳದಿ ಮಾತ್ರೆ ಈ ಕಾಯಿಲೆಗೆ ವಾರಕ್ಕೆ ಒಂದೇ ದಿನದ್ದು. ದಿನಾ ನುಂಗಿದರೆ ಪ್ರಾಣಕ್ಕೇ ಬರುತ್ತದೆ. ಮನೆಗೆ ಬಂದವರೇ ಅಕ್ಕ ಕ್ಯಾಲೆಂಡರಿನ ಶನಿವಾರಗಳಿಗೆಲ್ಲ ಕುಂಕುಮದ ಬೊಟ್ಟಿಟ್ಟರು. ಯಾರ ಕೈಯಿಂದಲೂ ತಪ್ಪಾಗಬಾರದು ಅಂತ. ಇದನ್ನೇ ನುಂಗುವ ಬೇರೆಯವರು ಯಾರಾದರೂ ಓದುತ್ತಿದ್ದರೆ ನಿಮ್ಮ ಕವರನ್ನೂ ಒಮ್ಮೆ ನೋಡಿಕೊಳ್ಳಿ.

ಈ ಮಾತ್ರೆ ಹಿಡಿಯಲು ಒಂದೂವರೆ ತಿಂಗಳಾದರೂ ಬೇಕು, ಕೆಲವರಿಗೆ ಮೂರು ತಿಂಗಳು ಅಂತ ಮೊದಲೇ ಹೇಳಿದ್ದರು. ಆ ಮಧ್ಯದಲ್ಲಿ ಬಂತು ಡಿಸೆಂಬರು.

ಸುಲಿಯುವ ಕಾಲ. ನಿಮಗೆ ಗೊತ್ತಲ್ಲ, ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಶಾಲೆ ಮುಗಿಸಿ ಬಂದು ಮೆಟ್ಟುಗತ್ತಿ ಮುಂದೆ ಕೂತರೆ ಊಟದ ಹೊತ್ತಿಗೆ ಬೇರೆಯವರಿಗಿಂತ ಒಂದು ಡಬ್ಬ ಮುಂದಿರುತ್ತಿದ್ದೆ. ಆ ರಾತ್ರಿ ಅಂಗಳದಲ್ಲಿ ಲೈಟು ಹಾಕಿ ಎಲ್ಲರೂ ಸುಲಿಯುತ್ತಿದ್ದರು. ಅತ್ತ ಒಲೆ ಮೇಲೆ ಅಡಿಕೆ ಬೇಯುತ್ತಿತ್ತು. ಚೊಗರಿನ ವಾಸನೆ, ಹೆಂಗಸರ ನಗು, ಕತ್ತಿಗೆ ಅಡಿಕೆ ತಾಗುವ ಸದ್ದು. ನಾನು ಒಳಗೆ ಮಲಗಿ ಆ ಸದ್ದು ಎಣಿಸುತ್ತಿದ್ದೆ. ನಿಜ ಹೇಳುತ್ತೇನೆ, ಅವರ ಕೈಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಎಲ್ಲರ ಕೈಯೂ ಹೀಗೇ ಆಗಲಿ ಅಂದುಕೊಂಡೆ. ನನ್ನ ಮಗಳ ಕೈಯನ್ನು ಮಾತ್ರ ಬಿಟ್ಟು.

ರಾತ್ರಿ ಒಂದೂವರೆಗೆ ಎದ್ದೆ. ಎಲ್ಲರೂ ಮಲಗಿದ್ದರು. ಇವರು ಮಾತ್ರ ಒಲೆಯ ಹತ್ತಿರ. ಕರೆಯಲು ನಾಚಿಕೆ. ಚಿಲಕವನ್ನು ಎರಡೂ ಅಂಗೈಯಲ್ಲಿ ತಳ್ಳಿ ತೆಗೆದು ಬಚ್ಚಲಿಗೆ ಹೋದೆ. ಲಂಗದ ಲಾಡಿ ಬಿಚ್ಚಲು ಆಗಲಿಲ್ಲ. ಬೆರಳು ಮಡಚುತ್ತಿಲ್ಲ, ಗಂಟು ಬಿಗಿಯಾಗುತ್ತಲೇ ಹೋಯಿತು. ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ನಿಂತಲ್ಲೇ ಆಗಿಹೋಯಿತು. ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತೆ. ಸದ್ದು ಬಾರದ ಹಾಗೆ ಅಳುವುದು ನನಗೆ ಅಭ್ಯಾಸ ಆಗಿತ್ತು.

ಅಕ್ಕ ಹೇಗೆ ಬಂದಳೋ ಗೊತ್ತಿಲ್ಲ. ಏನಾಯ್ತು ಅಂತ ಕೇಳಲಿಲ್ಲ. ‘ಅಯ್ಯೋ ಪಾಪ’ ಅನ್ನಲಿಲ್ಲ. ಕೂತು, ಒದ್ದೆಯಾಗಿದ್ದ ಆ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹಂಡೆಯಲ್ಲಿ ಬಿಸಿನೀರು ಇನ್ನೂ ಇತ್ತು. ಮೈಗೆ ಹೊಯ್ದಳು, ಬೇರೆ ಬಟ್ಟೆ ಹಾಕಿದಳು. ಬಕೆಟ್ಟಿಗೆ ಹದವಾದ ನೀರು ಬಗ್ಗಿಸಿ ನನ್ನ ಎರಡೂ ಕೈ ಅದರಲ್ಲಿ ಇಟ್ಟಳು.

‘ಸಾಯಬೇಕು ಅನ್ನಿಸ್ತದೆ ಅಕ್ಕ’ ಅಂದೆ.

‘ನಾಳೆ ಸಾಯುವಿಯಂತೆ ಮಾರಾಯ್ತಿ. ಈಗ ಕೈ ತೆಗೀಬೇಡ, ನೀರು ಆರ್ತದೆ.’

ಬೆಳಗಿನ 5 ಗಂಟೆಯವರೆಗೆ ಕೂತಿದ್ದಳು. ನೀರು ಆರಿದ ಹಾಗೆ ಬಿಸಿನೀರು ಸೇರಿಸುತ್ತಾ. ನಡುವೆ ಒಮ್ಮೆ ತನ್ನ ಎರಡನೇ ಬಾಣಂತನದ ಕತೆ ಹೇಳಿದಳು, ಯಾರಿಗೂ ಹೇಳದ್ದು. ಅದನ್ನು ನಾನೂ ಇಲ್ಲಿ ಬರೆಯುವುದಿಲ್ಲ. ‘ನೀನು ಮಲಗು ಹೋಗು’ ಅಂತ ನಾನು ಅಂದದ್ದು ನನಗೇ ಆಮೇಲೆ ಗೊತ್ತಾಯಿತು, ‘ನೀವು’ ಎಲ್ಲೋ ಬಿಟ್ಟುಹೋಗಿತ್ತು. ಹೋಗಲಿಲ್ಲ.

ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಮುಂದಿನ ತಿಂಗಳು. ಆಗ ಅದು ಉಪಕಾರ ಅನ್ನಿಸಲಿಲ್ಲ. ಡಾಕ್ಟರು ಹೇಗಿದ್ದೀರಿ ಅಂದಾಗ ನಾನು ‘ಪರವಾಗಿಲ್ಲ’ ಅಂದೆ. ಅಕ್ಕ ಪಕ್ಕದಿಂದ, ‘ಪರವಾಗಿಲ್ಲ ಅಲ್ಲ. ಇವಳು ಸಾಯೋ ಮಾತಾಡ್ತಾಳೆ, ಅದನ್ನೂ ಬರ್ಕೊಳ್ಳಿ’ ಅಂದಳು. ಮಾನ ಹೋದ ಹಾಗಾಯಿತು. ಮನೆ ತಲುಪುವವರೆಗೂ ಮುಖ ತಿರುಗಿಸಿಕೊಂಡಿದ್ದೆ. ಡಾಕ್ಟರು ಮಾತ್ರ ಬೆಚ್ಚಲಿಲ್ಲ. ಈ ಕಾಯಿಲೆಯವರಲ್ಲಿ ಖಿನ್ನತೆ ಜಾಸ್ತಿ, ನೋವು, ನಿದ್ದೆಗೇಡು, ಊತ ಎಲ್ಲ ಸೇರಿ ಮನಸ್ಸನ್ನೂ ಹಿಡಿಯುತ್ತವೆ, ಅದಕ್ಕೂ ಔಷಧಿ ಇದೆ ಅಂತ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಅಪರಾತ್ರಿಯಲ್ಲಿ ತಡೆಯಲಾಗದಿದ್ದರೆ ಅಂತ 14416, ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿಯ ನಂಬರು ಕೊಟ್ಟರು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ಸಲ ಫೋನ್ ಮಾಡಿದ್ದೇನೆ. ಆ ಕಡೆ ಇದ್ದವರ ಹೆಸರು ಗೊತ್ತಿಲ್ಲ, ಅವರಿಗೂ ಥ್ಯಾಂಕ್ಸ್.

ಈಗ ಹೇಗಿದ್ದೀಯ ಅಂತ ಕೇಳುತ್ತೀರಿ. ನೋಡಲು ಚೆನ್ನಾಗಿದ್ದೀಯಲ್ಲ ಅಂತಲೂ ಅನ್ನುತ್ತೀರಿ. ಚೆನ್ನಾಗಿಯೂ ಇದ್ದೇನೆ, ಮಧ್ಯೆ ಮಧ್ಯೆ ಕೆಟ್ಟ ವಾರಗಳೂ ಬರುತ್ತವೆ. ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ, ಮಾತ್ರೆ ಲಿವರಿಗೆ ತಾಗುತ್ತಿದೆಯೇ ನೋಡಬೇಕು. ಭಾನುವಾರ ಹೊಟ್ಟೆ ತೊಳೆಸುತ್ತದೆ. ಬೆಳಗಿನ ಬಿಗಿತ ಈಗ ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಮಗಳ ಜಡೆ ಈಗಲೂ ಅಕ್ಕನೇ ಹಾಕುವುದು. ನನಗೆ ಬರುತ್ತದೆ ಅಂದರೂ ಮಗಳು ಗೋಡೆ ದಾಟಿ ಹೋಗುತ್ತಾಳೆ. ‘ಆಗಲ್ಲ’ ಅನ್ನಲು ಕಲಿತೆ. ಗಂಟಲಿನಿಂದ ಆ ಒಂದು ಮಾತು ಹೊರಡಿಸಲು ಮಾತ್ರೆ ಹಿಡಿಯುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಸುಗ್ಗಿ ಮುಗಿಯಲಿ ಅಂತ ಕಾದದ್ದು ಇದಕ್ಕೆ. ಈ ಸಲ ನಾನೂ ಅಂಗಳಕ್ಕೆ ಹೋಗಿ ಕೂತೆ. ಎರಡು ಗಂಟೆ ಕೂತು ಅರ್ಧ ಡಬ್ಬ ಸುಲಿದೆ. ಪಕ್ಕದ ಹುಡುಗಿ ಅಷ್ಟರಲ್ಲಿ ಎರಡು ಮುಗಿಸಿದ್ದಳು. ಲೆಕ್ಕದ ಪುಸ್ತಕ ಅಕ್ಕನ ಕೈಯಲ್ಲಿ. ಎಲ್ಲರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದು ಮುಂದೆ ‘ಅರ್ಧ’ ಅಂತ ಹಾಕಿದಳು. ಒಂದು ಅಂತ ಬರೆಯೇ, ನೋಡಿದವರು ನಗ್ತಾರೆ ಅಂದೆ. ‘ಅರ್ಧ ಅಂದ್ರೆ ಅರ್ಧ’ ಅಂದಳು.

ಇದನ್ನು ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಬಾಣಂತನದ್ದು ಬರೆಯದ್ದು ಒಳ್ಳೇದಾಯ್ತು ಅಂದಳು. ಲಾಡಿ ವಿಷಯ ತೆಗೆ, ಶಾಲೆ ಮಕ್ಕಳು ಓದ್ತಾರೆ ಅಂದಳು. ತೆಗೆದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲ, ನನ್ನನ್ನ ಬಂದಳು ಹೋದಳು ಅಂತ ಬರ್ದಿದೀಯಲ್ಲ, ಜನ ಎಂತ ಅಂದ್ಕೊಳ್ತಾರೆ’ ಅಂತ ಕೇಳಿದಳು. ಬಂದರು ಅಂತ ಬದಲಾಯಿಸಲಾ ಅಂದೆ.

‘ಬೇಡ’ ಅಂದಳು. ‘ಇವತ್ತು ಶನಿವಾರ. ಮಾತ್ರೆ ತಗೊಂಡ್ಯಾ?’